ಹೊಳೆಗೆ ಬಿಟ್ಟದ್ದರ ಲೆಕ್ಕ

ಕಡೂರಿನಿಂದ ಹೊರಟ ರೈಲು ಬೀರೂರನ್ನು ಮುಟ್ಟಿದೊಡನೆ ಹಾದಿ ಎರಡಾಗುತ್ತದೆ. ಒಂದು ಅಜ್ಜಂಪುರದ ಬಯಲಿಗೆ, ಇನ್ನೊಂದು ತರೀಕೆರೆಯ ಮೂಲಕ ಭದ್ರಾವತಿಗೆ. ಆ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯದು. ಇದ್ದಿಲು ಮಲೆನಾಡಿನ ಮರಗಳದು. ಕಾರ್ಖಾನೆಯ ಆಡಳಿತವನ್ನು ಕೆಲವು ವರ್ಷ ನಡೆಸಿದ ವಿಶ್ವೇಶ್ವರಯ್ಯನವರು ಲೆಕ್ಕದಲ್ಲಿ ಎಷ್ಟು ಕಟ್ಟುನಿಟ್ಟಿನವರೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಚಿಮಣಿಯಿಂದ ಹೊರಟ ಹೊಗೆಯನ್ನೂ ಹೊಳೆಗೆ ಬಿದ್ದ ಕೊಳೆನೀರನ್ನೂ ಬರೆದಿಡಿರೆಂದು ಕೇಳುವ ಕಾನೂನು ಆಗ ಇರಲಿಲ್ಲ. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಹೊಗೆಯೆಂದರೆ ಏಳಿಗೆಯ ಗುರುತೆಂದು ನಾಡಿಗೆ ನಾಡೇ ನಂಬಿದ್ದ ಕಾಲ ಅದು.

ಜಲಮಾಲಿನ್ಯ ನಿವಾರಣೆಯ ಕಾನೂನು ಬಂದದ್ದು 1974ರಲ್ಲಿ. ಕರ್ನಾಟಕದ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಕಾರ್ಖಾನೆಗೆ ವಿಧಿಸಿದ ಷರತ್ತುಗಳನ್ನು ಮಂಡಳಿಯು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಸಂಬಂಧಪಟ್ಟವರು ಬಂದು ಕೇಳಿದರೆ ತೋರಿಸಬೇಕು ಎಂಬ ಮಾತು ಅದರ 25ನೆಯ ಕಲಮಿನಲ್ಲಿಯೇ ಇದೆ. ನಮ್ಮಲ್ಲಿ ಹೆಚ್ಚು ಜನರು ಗಮನಿಸದ ಮಾತು ಇದು. ಆದರೆ ಆ ಪುಸ್ತಕ ಹೇಳುವುದು ಹೊಳೆಗೆ ಎಷ್ಟು ಬಿಡಬಹುದು ಎಂಬುದನ್ನು. ಎಷ್ಟು ಬಿಟ್ಟರು ಎಂಬುದನ್ನಲ್ಲ. ಕೆಳದಂಡೆಯಲ್ಲಿ ಕೊಡ ಹಿಡಿದು ನಿಂತವಳಿಗೆ ಬೇಕಾದದ್ದು ಎರಡನೆಯ ಲೆಕ್ಕ.

ಆ ಲೆಕ್ಕವನ್ನು ಜಗತ್ತು ಕೇಳತೊಡಗಿದ್ದು ಭೋಪಾಲದ ನಂತರ. 1984ರ ಡಿಸೆಂಬರಿನ ಆ ರಾತ್ರಿ ಮಲಗಿದ್ದವರಿಗೆ ಬೇಲಿಯಾಚೆ ಯಾವ ವಿಷವನ್ನು ಕೂಡಿಟ್ಟಿದ್ದಾರೆಂಬುದೇ ತಿಳಿದಿರಲಿಲ್ಲ. ಮರುವರ್ಷ ಅದೇ ಕಂಪನಿಯ ಅಮೆರಿಕದ ಕಾರ್ಖಾನೆಯೊಂದರಲ್ಲಿಯೂ ವಿಷಾನಿಲ ಸೋರಿತು. 1986ರಲ್ಲಿ ಅಲ್ಲಿ ಕಾನೂನಾಯಿತು: ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟ ವಿಷವಸ್ತುಗಳ ಪ್ರಮಾಣವನ್ನು ಕಾರ್ಖಾನೆ ವರ್ಷವರ್ಷವೂ ಒಪ್ಪಿಸಬೇಕು, ಸರ್ಕಾರ ಅದನ್ನು ಸಾರ್ವಜನಿಕರ ಮುಂದಿಡಬೇಕು. 1987ರ ಲೆಕ್ಕ 1989ರಲ್ಲಿ ಪ್ರಕಟವಾಯಿತು. ಸತ್ತವರು ನಮ್ಮವರು, ಅವರ ಸಾವಿನಿಂದ ಹುಟ್ಟಿದ ಪಟ್ಟಿ ಮೊದಲು ಕೈಗೆ ಸಿಕ್ಕಿದ್ದು ಅಮೆರಿಕದವರಿಗೆ!

ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 1992ರಲ್ಲಿ ಇಂತಹ ವಾರ್ಷಿಕ ವರದಿಯನ್ನು ಕಡ್ಡಾಯಗೊಳಿಸಿದರು. 1993ರಲ್ಲಿ ಅದಕ್ಕೆ ‘ಪರಿಸರ ಹೇಳಿಕೆ’ ಎಂಬ ಹೆಸರಾಯಿತು. ಐದನೆಯ ನಮೂನೆಯಲ್ಲಿ, ಮಾರ್ಚಿಗೆ ಮುಗಿದ ವರ್ಷದ ವಿವರವನ್ನು ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಒಪ್ಪಿಸಬೇಕು. ಎಷ್ಟು ನೀರು ಬಳಸಿದಿರಿ, ಯಾವ ಕಲ್ಮಷ ಎಷ್ಟು ಹೊರಹೋಯಿತು, ಮಿತಿ ಮೀರಿದ್ದರೆ ಕಾರಣವೇನು ಎಂದು ನಮೂನೆ ಚೆನ್ನಾಗಿಯೇ ಕೇಳುತ್ತದೆ. ಆದರೆ ಬರೆಯುವವನು ಕಾರ್ಖಾನೆಯವನೇ, ಓದುವವನು ಮಂಡಳಿಯ ಅಧಿಕಾರಿ. ಊರಿನವರಿಗೆ ಓದಿ ಹೇಳಬೇಕೆಂಬ ಸಾಲು ಆ ನಿಯಮದಲ್ಲಿ ಬರಲಿಲ್ಲ. 2005ರ ಮಾಹಿತಿ ಹಕ್ಕಿನ ಕಾಯ್ದೆಯ ಮೇಲೆ ಅರ್ಜಿ ಹಾಕಿ ಕೇಳುವ ದಾರಿಯಾದರೂ ತೆರೆಯಿತು.

ಇನ್ನೊಂದು ತೊಡಕನ್ನು ಭದ್ರೆಯೇ ತೋರಿಸಿಕೊಟ್ಟಳು. ಅವಳು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟಿಗೆ ಬರುವ ಮೊದಲು ಕುದುರೆಮುಖದ ತಪ್ಪಲಿನಲ್ಲಿ ಹಾಯ್ದು ಬರುತ್ತಾಳೆ. ಅಲ್ಲಿ 1976ರಲ್ಲಿ ಸ್ಥಾಪಿತವಾದ ಕಂಪನಿ ಬೆಟ್ಟವನ್ನು ಅಗೆದು, ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿತ್ತು. ಅದಿರು ತೆಗೆದು ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಮುಂಗಾರಿನಲ್ಲಿ ಹೊಳೆ ಕೆಂಪಗಾಗುತ್ತಿತ್ತು. ನಮೂನೆಯ ಲೆಕ್ಕ ಕೊಳವೆಯ ಬಾಯಿಯದು. ಆದರೆ ಬೋಳುಬೆಟ್ಟದ ಮೇಲೆ ಬಿದ್ದ ಮಳೆಗೆ ಕೊಳವೆ ಎಲ್ಲಿದೆ? ವರ್ಷದ ಕೆಸರಿನ ಬಹುಪಾಲು ಕೆಲವೇ ದಿನಗಳ ಜಡಿಮಳೆಯಲ್ಲಿ ಹರಿದುಹೋಗುತ್ತದೆ. ವಿಜ್ಞಾನಿಗಳು ಹೊಳೆಯಲ್ಲಿಯೇ ನಿಂತು ಮಳೆಗಾಲದಲ್ಲಿ ಅಳೆದರು. ಗಣಿಯ ವಿಸ್ತಾರ ಜಲಾನಯನ ಪ್ರದೇಶದಲ್ಲಿ ಅಲ್ಪವಾದರೂ ಕೆಸರಿನಲ್ಲಿ ಅದರ ಪಾಲು ಬಹು ದೊಡ್ಡದೆಂದು ತಿಳಿಯಿತು. ಕೆ. ಎಂ. ಚಿನ್ನಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಗಣಿ ನಿಂತರೂ ಲಕ್ಯಾದ ಕೆಸರು ಅಲ್ಲಿಯೇ ಇದೆ. ಹೊಳೆಯ ದಾರಿ ಮಾತ್ರ ಬೆಳೆದಿದೆ: 2019ರಲ್ಲಿ ಭದ್ರೆಯ ನೀರು ಅಜ್ಜಂಪುರದ ಬಳಿಯ ಸುರಂಗವನ್ನು ಹಾಯ್ದು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಹರಿಯಿತು. ಹಳೆಯ ಕಡತಗಳನ್ನು ಕೇಳಬೇಕಾದವರ ಸಾಲಿಗೆ ಚಿತ್ರದುರ್ಗದ ಸೀಮೆಯವರೂ ಸೇರಿದ್ದಾರೆ.