ನಾವಿಕರ ಮೊಬೈಲ್ ವಿಡಿಯೋ, ಅವರದೇ ಹಾಡು: ಮುಂಬೈ ತಂಡ ಕಟ್ಟಿದ ಕಡಲ ಸಿನಿಮಾ

ಬೇರೆಯವರು ಚಿತ್ರೀಕರಿಸಿದ ದೃಶ್ಯಗಳನ್ನು ಹುಡುಕಿ, ಹೊಸದಾಗಿ ಜೋಡಿಸಿ ಮಾಡುವ ಚಿತ್ರಗಳಿಗೆ 'ಫೌಂಡ್ ಫುಟೇಜ್' ಚಿತ್ರಗಳು ಎನ್ನುತ್ತಾರೆ. ಇಂಥ ಕೆಲಸದಲ್ಲಿ ಸಂಕಲನಕಾರರು ಎಷ್ಟೋ ಬಾರಿ ಮೂಲ ಧ್ವನಿಯನ್ನು ತೆಗೆದುಹಾಕಿ, ತಮ್ಮಿಷ್ಟದ ಸಂಗೀತ ಸೇರಿಸಿ, ಅದರ ತಾಳಕ್ಕೆ ದೃಶ್ಯಗಳನ್ನು ಕತ್ತರಿಸುತ್ತಾರೆ. ಆದರೆ ಮುಂಬೈನ 'ಕ್ಯಾಂಪ್' ಕಲಾವಿದರ ತಂಡ 2013ರಲ್ಲಿ ಹೊರತಂದ 'ಫ್ರಂ ಗಲ್ಫ್ ಟು ಗಲ್ಫ್ ಟು ಗಲ್ಫ್' ಚಿತ್ರದ ಕಥೆ ಬೇರೆ. ಇಲ್ಲಿ ಹಾಡುಗಳನ್ನು ಆರಿಸಿದವರು ವಿಡಿಯೋ ತೆಗೆದ ನಾವಿಕರೇ.

ಏನಿದು ಚಿತ್ರ?

ಶೈನಾ ಆನಂದ್ ಮತ್ತು ಅಶೋಕ್ ಸುಕುಮಾರನ್ ನಿರ್ದೇಶನದ ಈ ಚಿತ್ರದ ಅವಧಿ 83 ನಿಮಿಷ. ಗುಜರಾತಿನ ಕಛ್ ಕೊಲ್ಲಿಯ ನಾವಿಕರು ಮರದ ಹಡಗುಗಳಲ್ಲಿ ಸರಕು ತುಂಬಿಕೊಂಡು ಪರ್ಷಿಯನ್ ಕೊಲ್ಲಿ, ಏಡನ್ ಕೊಲ್ಲಿಗಳಿಗೆ ಹೋಗುತ್ತಾರೆ. ಸಿಂಧ್, ಬಲೂಚಿಸ್ತಾನ ಮತ್ತು ದಕ್ಷಿಣ ಇರಾನಿನವರೂ ಇದೇ ಕಡಲಲ್ಲಿ ದುಡಿಯುತ್ತಾರೆ. ಇವರು ಮೊಬೈಲ್‌ನಲ್ಲಿ ಸೆರೆಹಿಡಿದ ದೃಶ್ಯಗಳೇ ಚಿತ್ರದ ಜೀವಾಳ. ಕ್ಯಾಂಪ್ ತಂಡ ಅವರೊಂದಿಗೆ ವರ್ಷಗಳ ಕಾಲ ಒಡನಾಡಿದ ಬಳಿಕ ಚಿತ್ರ ರೂಪುಗೊಂಡಿತು.

ಹಾಡು ಎಲ್ಲಿಂದ ಬಂತು?

ನಾವಿಕರು ತಾವು ತೆಗೆದ ಕೆಲವು ವಿಡಿಯೋಗಳಿಗೆ ತಮಗಿಷ್ಟದ ಹಾಡು ಸೇರಿಸುತ್ತಿದ್ದರು. ಅವು ಬ್ಲೂಟೂತ್ ಮೂಲಕ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುತ್ತಿದ್ದವು. ಅಂದರೆ ಮೊದಲ ಸಂಕಲನ ನಡೆದದ್ದು ಅವರ ಕೈಯಲ್ಲೇ.

ಸಂಕಲನಕಾರರಿಗೆ ಇದೇ ಸವಾಲು. ದೃಶ್ಯ ಮತ್ತು ಹಾಡು ಒಂದೇ ಫೈಲ್‌ನಲ್ಲಿ ಬೆರೆತಿದ್ದರೆ, ದೃಶ್ಯಕ್ಕೆ ಕತ್ತರಿ ಹಾಕಿದಾಗ ಹಾಡೂ ತುಂಡಾಗುತ್ತದೆ. ಆಗ ಉಳಿಯುವುದು ಎರಡೇ ದಾರಿ: ಹಾಡಿನ ಸಾಲು ಮುಗಿಯುವವರೆಗೆ ಕಾಯುವುದು, ಇಲ್ಲವೇ ತುಣುಕನ್ನು ಇಡಿಯಾಗಿ ಬಿಡುವುದು. ಹಾಡನ್ನೇ ಅಳಿಸಿ ಹೊಸ ಸಂಗೀತ ಕೂರಿಸಿದರೆ ಕೆಲಸ ಸುಲಭ. ಆದರೆ ಆ ನಾವಿಕ ತನ್ನ ಕಡಲನ್ನು ಯಾವ ಭಾವದಲ್ಲಿ ನೋಡಿದ ಎಂಬುದಕ್ಕಿರುವ ಸಾಕ್ಷಿ ಅಳಿಸಿಹೋಗುತ್ತದೆ.

ಯಾಕೆ ಮುಖ್ಯ?

ಆ ವರ್ಷಗಳಲ್ಲಿ ಇಂಥ ಹಡಗುಗಳು ಸುದ್ದಿಯಾಗುತ್ತಿದ್ದದ್ದು ಹೆಚ್ಚಾಗಿ ಸೊಮಾಲಿಯಾದ ಕಡಲ್ಗಳ್ಳರ ದಾಳಿ ನಡೆದಾಗ. ಅದರಾಚೆಗಿನ ದಿನನಿತ್ಯದ ದುಡಿಮೆ, ಬೇಸರ, ತಮಾಷೆ ದಾಖಲಾದದ್ದು ನಾವಿಕರ ಫೋನುಗಳಲ್ಲಿ. ಫೋನ್ ನೀರಿಗೆ ಬಿದ್ದರೆ ಅಥವಾ ಮೆಮೊರಿ ಕಾರ್ಡ್ ಕೆಟ್ಟರೆ ಆ ದಾಖಲೆಯೂ ಇಲ್ಲವಾಗುತ್ತದೆ.

ಬೆಂಗಳೂರಿನ ನಂಟು

ಬಿಡಿ ದೃಶ್ಯಗಳನ್ನು ಉಳಿಸುವ ಪ್ರಯತ್ನವೊಂದರಲ್ಲಿ ಬೆಂಗಳೂರಿನ ಪಾಲೂ ಇದೆ. 2008ರಲ್ಲಿ ಆರಂಭವಾದ 'ಪ್ಯಾಡ್‌ಮಾ' ಆನ್‌ಲೈನ್ ಸಂಗ್ರಹವನ್ನು ಕ್ಯಾಂಪ್ ಜೊತೆ ಸೇರಿ ರೂಪಿಸಿದವರಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಕೂಡ ಒಂದು. ಸಿದ್ಧ ಸಿನಿಮಾಗಳಿಗಿಂತ ಹೆಚ್ಚಾಗಿ ಸಿನಿಮಾಗೆ ಸೇರದೆ ಉಳಿದ ದೃಶ್ಯಗಳಿಗೆ ಇಲ್ಲಿ ಜಾಗ. ಯಾವ ಕ್ಷಣದಲ್ಲಿ ಏನಿದೆ ಎಂಬ ಟಿಪ್ಪಣಿಯನ್ನೂ ಬರೆದಿಡಬಹುದು. ಮುಂದೆ ಇವನ್ನು ಮತ್ತೆ ಜೋಡಿಸುವವರಿಗೆ, ಆ ದೃಶ್ಯದ ಹಿನ್ನೆಲೆ ಏನು ಎಂಬುದು ಕತ್ತರಿ ಹಾಕುವ ಮುನ್ನವೇ ತಿಳಿಯುತ್ತದೆ.