ಅಂಚೆಯ ಓಟ



ಕಳೆದ ತಿಂಗಳು ನಾವು ನಾಲ್ವರು ನಿವೃತ್ತ ಮಿತ್ರರು ಶಾಲೆಯ ಮೈದಾನದಲ್ಲಿ ವಿನೋದಕ್ಕೆಂದು ರಿಲೇ ಓಡಿದೆವು. ಕೋಲಿನ ಬದಲಿಗೆ ಸುರುಳಿ ಸುತ್ತಿದ ದಿನಪತ್ರಿಕೆ. ಮೂರನೆಯವನಾದ ನಾನು ಅರ್ಧ ಸುತ್ತಿಗೇ ಬಸವಳಿದೆ. ಆದರೂ ನಿಲ್ಲಲಾಗಲಿಲ್ಲ, ಎದುರಿಗೆ ಮಿತ್ರನೊಬ್ಬ ಕೈಚಾಚಿ ನಿಂತಿದ್ದ.

ಆಗ ನೆನಪಾದದ್ದು ಮೈಸೂರಿನ ಅಂಚೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704) ಏರ್ಪಡಿಸಿದ ಈ ವ್ಯವಸ್ಥೆ ಪತ್ರಗಳ ಜೊತೆಗೆ ನಾಡಿನ ಗುಪ್ತ ಸಮಾಚಾರವನ್ನೂ ಅರಸರಿಗೆ ಮುಟ್ಟಿಸುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

ರೈಲು, ಮೋಟಾರುಗಳು ಬರುವ ಮುನ್ನ ನಮ್ಮ ದೇಶದಲ್ಲಿ ಟಪಾಲು ಬಹುಮಟ್ಟಿಗೆ ಸಾಗುತ್ತಿದ್ದುದು ಓಟಗಾರರ ಕಾಲಬಲದಿಂದಲೇ. ಇಂದು ನಾವು ‘ಮುಂದಾಳು’ ಎಂಬರ್ಥದಲ್ಲಿ ಬಳಸುವ ‘ಹರಿಕಾರ’ನೆಂಬ ಪದ ಮೂಲತಃ ಸುದ್ದಿ ಒಯ್ಯುವ ಆ ದೂತನದು. ಗೆಜ್ಜೆ ಕಟ್ಟಿದ ಈಟಿ ಹಿಡಿದು, ಚೀಲ ಹೊತ್ತು, ಕಾಡು ಹೊಳೆಗಳನ್ನು ದಾಟಿ ಒಬ್ಬನು ಬರುವನು. ಗೆಜ್ಜೆಯ ಸದ್ದಿಗೆ ಮುಂದಿನ ಠಾಣ್ಯದವನು ಎದ್ದು ಸಿದ್ಧನಾಗುವನು. ಚೀಲದ ಪತ್ರಗಳಲ್ಲಿ ಏನಿದೆಯೆಂದು ಇಬ್ಬರೂ ಅರಿಯರು.

ಈ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದೆ. ಅರಸರ ಹೆಸರು, ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ತಪ್ಪಿದವರ ಅಂಕ ಕಳೆದೆ. ಓಡಿದವನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲವೆಂಬುದು ನೆಪವಷ್ಟೆ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ಪತ್ರಿಕೆ ಕೈದಾಟಿದೊಡನೆ ನಾನು ಹುಲ್ಲಿನ ಮೇಲೆ ಕುಸಿದು ಕುಳಿತು ನಕ್ಕೆ. ನನ್ನದು ಒಂದೇ ಸುತ್ತು. ಹರಿಕಾರನಿಗೆ ಅದು ನಿತ್ಯದ ಅನ್ನವಾಗಿತ್ತು.