ಸಭಾನಾಯಕರ ಅರ್ಹತೆ (ಗ್ರೀಕ್ ಮೂಲಪದಗಳು)

ಕ್ರೈಸ್ತ ಸಭೆಯ ಮುಖಂಡರಿಗೆ ಹೊಸ ಒಡಂಬಡಿಕೆ ವಿಧಿಸುವ ಗುಣಗಳು. ಮುಖ್ಯ ಆಧಾರ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3ನೇ ಅಧ್ಯಾಯ ಮತ್ತು ತೀತನಿಗೆ ಬರೆದ ಪತ್ರದ 1ನೇ ಅಧ್ಯಾಯ.

ಕನ್ನಡ ಬೈಬಲಿನ 'ಸಭಾಧ್ಯಕ್ಷ' ಗ್ರೀಕಿನಲ್ಲಿ 'ಎಪಿಸ್ಕೊಪೊಸ್', ಮೇಲ್ವಿಚಾರಕ ಎಂದರ್ಥ. 'ಪ್ರೆಸ್ಬುಟೆರೊಸ್' ಎಂದರೆ ಹಿರಿಯ. ತೀತನ ಪತ್ರ ಇವೆರಡನ್ನೂ ಒಬ್ಬನಿಗೇ ಬಳಸುವಂತಿದೆ. ಬಿಷಪ್, ಪಾದ್ರಿ ಎಂಬ ಮೇಲುಕೆಳಗಿನ ಶ್ರೇಣಿ ಆಮೇಲೆ ಗಟ್ಟಿಗೊಂಡಿತು. 'ಡಿಯಾಕೊನೊಸ್' ಸೇವಕ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಫೊಯಿಬೆ ಎಂಬ ಹೆಂಗಸಿಗೂ ಇದೇ ಪದವಿದೆ.

ಗುಣಗಳ ಪದಗಳು ಇನ್ನೂ ಸ್ವಾರಸ್ಯಕರ. 'ಅನೆಪಿಲೆಂಪ್ಟೊಸ್' ಎಂದರೆ ಯಾರ ಆಕ್ಷೇಪದ ಹಿಡಿತಕ್ಕೂ ಸಿಗದವನು, ಪಾಪವೇ ಮಾಡದವನೆಂದಲ್ಲ. 'ಫಿಲೊಕ್ಸೆನೊಸ್' ಅಪರಿಚಿತರನ್ನು ಪ್ರೀತಿಸುವವನು. 'ಅತಿಥಿಸತ್ಕಾರ' ಎನ್ನುವಾಗ ಈ ಅಪರಿಚಿತತೆ ಮಸುಕಾಗುತ್ತದೆ. 'ಅಫಿಲಾರ್ಗುರೊಸ್' ಬೆಳ್ಳಿಯಾಸೆ ಇಲ್ಲದವನು. 'ನೆಯೊಫುಟೊಸ್' ಹೊಸದಾಗಿ ನೆಟ್ಟ ಸಸಿ, ಅಂದರೆ ಹೊಸ ವಿಶ್ವಾಸಿ. ಅಂಥವನಿಗೆ ಅಧಿಕಾರ ಬೇಡ. ಸಭಾಸೇವಕ 'ಡಿಲೊಗೊಸ್', ಎರಡು ಮಾತಿನವನು, ಆಗಿರಬಾರದು. ತೀವ್ರ ಚರ್ಚೆಗೆ ಗುರಿಯಾದದ್ದು 'ಒಬ್ಬ ಹೆಂಡತಿಯ ಗಂಡ' ಎಂಬ ನುಡಿ: ಅದು ಬಹುಪತ್ನಿತ್ವದ ನಿಷೇಧವೋ, ಮರುಮದುವೆಯದೋ, ಬರಿಯ ದಾಂಪತ್ಯನಿಷ್ಠೆಯೋ?

ಈ ಪದವಿಗಳು ಇಂದಿನ ಸಭೆಗಳಲ್ಲೂ ಉಳಿದಿವೆ. ಉದಾಹರಣೆಗೆ, ಕಥೋಲಿಕರ ಮೈಸೂರು ಧರ್ಮಪ್ರಾಂತ್ಯ. ಅಲ್ಲಿ ಬಿಷಪ್ 'ಧರ್ಮಾಧ್ಯಕ್ಷ', ಪಾದ್ರಿ 'ಗುರು'. ಲ್ಯಾಟಿನ್ ವಿಧಿಯ ಈ ಗುರುಗಳು ಅವಿವಾಹಿತರು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್, ಪ್ರೆಸ್ಬಿಟರ್, ಡೀಕನ್ ಎಂಬ ಮೂರು ಪದವಿಗಳಿವೆ, ಮದುವೆಗೆ ತಡೆಯಿಲ್ಲ. 2013ರಲ್ಲಿ ಅದರ ನಂದ್ಯಾಲ ಪ್ರಾಂತ್ಯಕ್ಕೆ ಪುಷ್ಪಲಲಿತಾ ಎಂಬ ಮಹಿಳೆ ಬಿಷಪ್ ಆದರು.